ಪೊರೆ ತೆಗೆಸಿದ ಮೇಲೆ ಕಣ್ಣಿನ ಮುಂಭಾಗದಲ್ಲಿ ಏನೇನು ಬದಲಾಗುತ್ತದೆ, ಅದಕ್ಕೆ ತಕ್ಕ ಹಾಗೆ ಕಣ್ಣು ನೋಡಿಕೊಳ್ಳುವುದು ಹೇಗೆ

ಮನೆಯಲ್ಲಿ ಯಾರಿಗಾದರೂ ಪೊರೆ ಆಪರೇಷನ್ ಆದರೆ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಕಣ್ಣು ಉಜ್ಜಬೇಡಿ, ಬಗ್ಗಬೇಡಿ, ತಲೆಗೆ ನೀರು ಹಾಕಬೇಡಿ, ಈ ಡ್ರಾಪ್ಸ್ ಇಷ್ಟು ಸಲ, ಆ ಡ್ರಾಪ್ಸ್ ಅಷ್ಟು ಸಲ. ಯಾಕೆ ಅಂತ ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಯಾಕೆ ಅಂತ ಗೊತ್ತಿಲ್ಲದ ಪಥ್ಯ ಎಷ್ಟು ದಿನ ನಡೆಯುತ್ತದೆ ಹೇಳಿ? ನಾಲ್ಕನೇ ದಿನಕ್ಕೆ ಅಜ್ಜಿ "ಏನೂ ಆಗಲ್ಲ ಬಿಡು" ಅಂತ ಸೆರಗಿನ ತುದಿಯಲ್ಲೇ ಕಣ್ಣು ಒರೆಸಿಕೊಂಡಿರುತ್ತಾರೆ.

ಚೀಟಿಯಲ್ಲಿರುವ ಒಂದೊಂದು ಮಾತಿಗೂ ಕಣ್ಣಿನ ಮುಂಭಾಗದಲ್ಲಿ ಒಂದೊಂದು ಕಾರಣ ಇದೆ. ಆ ಕಾರಣ ಗೊತ್ತಿದ್ದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಸುಮ್ನೆ ಕಾಯಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಇಲ್ಲಿ ಬರೆದಿರುವುದು ಅದನ್ನೇ. ನಿಮ್ಮ ಡಾಕ್ಟರ್ ಚೀಟಿ ಬೇರೆ ಹೇಳಿದರೆ ಚೀಟಿಯನ್ನೇ ಕೇಳಿ.

ಮೊದಲು ಜಾಗದ ಲೆಕ್ಕ

ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆದ ಪದರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಪಾಪೆಯ ಹಿಂದೆ ಹುಟ್ಟಿನಿಂದಲೇ ಇರುವ ಲೆನ್ಸ್ ಮಸುಕಾಗುವುದೇ ಪೊರೆ. ಈ ಲೆನ್ಸ್ ಜೀವಮಾನ ಪೂರ್ತಿ ಬೆಳೆಯುತ್ತಲೇ ಇರುತ್ತದೆ. ಪ್ರಾಯದಲ್ಲಿ ನಾಲ್ಕು ಮಿಲಿಮೀಟರ್ ಆಸುಪಾಸು ಇದ್ದದ್ದು ಅರವತ್ತು ಎಪ್ಪತ್ತಾಗುವ ಹೊತ್ತಿಗೆ ನಾಲ್ಕೂವರೆ, ಐದು ಮಿಲಿಮೀಟರ್ ದಪ್ಪ ಆಗಿರುತ್ತದೆ. ದಪ್ಪ ಆದಷ್ಟೂ ಮುಂದಕ್ಕೆ ತಳ್ಳುತ್ತದೆ. ಕಿಟಕಿ ಪರದೆಯ ಹಿಂದೆ ಅಕ್ಕಿ ಮೂಟೆ ಇಟ್ಟರೆ ಪರದೆ ಮುಂದಕ್ಕೆ ಉಬ್ಬುತ್ತದಲ್ಲ, ಹಾಗೆ ಐರಿಸ್, ಅಂದರೆ ಕಣ್ಣಿನ ಬಣ್ಣದ ಪರದೆ, ಮುಂದಕ್ಕೆ ಉಬ್ಬಿ ನಿಂತಿರುತ್ತದೆ.

ಐರಿಸ್‌ಗೂ ಮುಂದಿನ ಪಾರದರ್ಶಕ ಕಾರ್ನಿಯಾಗೂ ನಡುವೆ ನೀರು ತುಂಬಿದ ಒಂದು ಕೋಣೆ ಇದೆ. ವಯಸ್ಸಾದವರಲ್ಲಿ ಅದರ ಆಳ ಸಾಧಾರಣವಾಗಿ ಎರಡೂವರೆಯಿಂದ ಮೂರು ಮಿಲಿಮೀಟರ್. ಆಪರೇಷನ್‌ನಲ್ಲಿ ಈ ದಪ್ಪ ಲೆನ್ಸ್ ತೆಗೆದು, ಮಧ್ಯದಲ್ಲಿ ಸುಮಾರು ಒಂದೇ ಮಿಲಿಮೀಟರ್ ಅಥವಾ ಅದಕ್ಕೂ ತೆಳ್ಳಗಿರುವ ಕೃತಕ ಲೆನ್ಸ್ ಕೂರಿಸುತ್ತಾರೆ. ಐದು ಹೋಗಿ ಒಂದು ಬಂತು. ಐರಿಸ್ ಹಿಂದಕ್ಕೆ ಸರಿದು ಚಪ್ಪಟೆಯಾಗುತ್ತದೆ, ಮುಂದಿನ ಕೋಣೆ ಒಂದು ಮಿಲಿಮೀಟರ್‌ಗೂ ಜಾಸ್ತಿ ಆಳ ಆಗುತ್ತದೆ. ಪೊರೆ ಆಪರೇಷನ್ ಅಂದರೆ ಮಂಜಾದ ಗಾಜು ಬದಲಾಯಿಸುವುದು ಅಷ್ಟೇ ಅಂತ ನಾವು ತಿಳಿದಿರುತ್ತೇವೆ, ಆದರೆ ಕಣ್ಣಿನ ಮುಂಭಾಗದ ಅಳತೆಗಳೇ ಬದಲಾಗಿರುತ್ತವೆ.

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಆಪರೇಷನ್ ಆಗಿ ಒಂದೆರಡು ತಿಂಗಳು ಕಳೆದಿರಲಿ, ಹಸಿ ಗಾಯದ ಕಣ್ಣಿನ ಹತ್ತಿರ ಹೋಗಬೇಡಿ. ಕತ್ತಲ ಕೋಣೆಯಲ್ಲಿ ಕೂರಿಸಿ, ನೇರ ಮುಂದೆ ನೋಡಲು ಹೇಳಿ, ಸಣ್ಣ ಟಾರ್ಚನ್ನು ಕಿವಿಯ ಕಡೆಯಿಂದ ಅಡ್ಡಡ್ಡ ಹಿಡಿಯಿರಿ. ಆಪರೇಷನ್ ಆಗದ ಕಣ್ಣಿನಲ್ಲಿ ಐರಿಸ್ ಉಬ್ಬಿದ್ದರೆ ಕಿವಿ ಕಡೆಯ ಅರ್ಧಕ್ಕೆ ಬೆಳಕು ಬಿದ್ದು, ಮೂಗಿನ ಕಡೆಯ ಅರ್ಧ ನೆರಳಲ್ಲಿ ಉಳಿಯುತ್ತದೆ. ಆಪರೇಷನ್ ಆದ ಕಣ್ಣಿನಲ್ಲಿ ಬೆಳಕು ಈ ಕೊನೆಯಿಂದ ಆ ಕೊನೆಗೆ ಹರಡುತ್ತದೆ. ಹಾಗೇ ಸ್ವಲ್ಪ ಹೊತ್ತು ನೋಡಿದರೆ, ಕಣ್ಣು ಆ ಕಡೆ ಈ ಕಡೆ ತಿರುಗಿಸಿದಾಗ ಪಾಪೆಯೊಳಗೆ ಚಕ್ ಅಂತ ಒಂದು ಹೊಳಪು ಕಾಣಿಸುತ್ತದೆ. ಅದು ಕೃತಕ ಲೆನ್ಸಿನ ಮೇಲೆ ಬೆಳಕು ಬಿದ್ದು ವಾಪಸ್ ಬರುವ ಹೊಳಪು. ಮೊಮ್ಮಕ್ಕಳು "ಅಜ್ಜನ ಕಣ್ಣು ಬೆಕ್ಕಿನ ಹಾಗೆ ಹೊಳೀತದೆ" ಅನ್ನುವುದು ಇದಕ್ಕೇ. ಗಾಬರಿ ಬೇಡ. ಈ ಟಾರ್ಚ್ ಆಟ ಪರೀಕ್ಷೆ ಅಲ್ಲ, ಇದನ್ನು ನೋಡಿ ನೀವೇ ಏನೂ ತೀರ್ಮಾನ ಮಾಡಬೇಡಿ. ಆದರೆ ಇನ್ನೊಂದು ಕಣ್ಣಿನಲ್ಲಿ ನೆರಳು ದಟ್ಟವಾಗಿದ್ದರೆ ಮುಂದಿನ ಸಲ ಹೋದಾಗ "ಆಂಗಲ್ ನೋಡಿದ್ದೀರಾ ಡಾಕ್ಟ್ರೇ?" ಅಂತ ಒಂದು ಮಾತು ಕೇಳಿ.

ಆಂಗಲ್ ಅಂದರೆ ಐರಿಸ್ ಮತ್ತು ಕಾರ್ನಿಯಾ ಸೇರುವ ಮೂಲೆ. ಕಣ್ಣೊಳಗಿನ ನೀರು ಹೊರಗೆ ಹೋಗುವ ದಾರಿ ಅಲ್ಲೇ ಇರುವುದು. ಐರಿಸ್ ಮುಂದೆ ಉಬ್ಬಿದ್ದರೆ ಆ ಮೂಲೆ ಕಿರಿದಾಗುತ್ತದೆ, ಪೂರ್ತಿ ಮುಚ್ಚಿಕೊಂಡರೆ ಕಣ್ಣಿನ ಪ್ರೆಷರ್ ಒಮ್ಮೆಲೇ ಏರಿ ತಲೆ ಸಿಡಿಯುವಷ್ಟು ನೋವು, ವಾಂತಿ. ಪೊರೆ ತೆಗೆದಾಗ ಮೂಲೆ ಅಗಲ ಆಗುತ್ತದೆ, ಹಾಗಾಗಿ ತುಂಬಾ ಜನರಲ್ಲಿ ಪ್ರೆಷರ್ ಸ್ವಲ್ಪ ಇಳಿಯುತ್ತದೆ. ಮೊದಲೇ ಜಾಸ್ತಿ ಇದ್ದವರಲ್ಲಿ ಜಾಸ್ತಿಯೇ ಇಳಿಯುತ್ತದೆ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಪ್ರೆಷರ್ ಜಾಸ್ತಿಯಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಮೂಲೆ ಮುಚ್ಚುವ ಬಗೆಯ ಗ್ಲಾಕೋಮಾಗೆ ಲೆನ್ಸ್ ತೆಗೆಯುವುದೇ ಚಿಕಿತ್ಸೆ ಆಗಬಹುದು ಅಂತ 2016ರಲ್ಲಿ ಈಗಲ್ ಅನ್ನುವ ದೊಡ್ಡ ಅಧ್ಯಯನ ತೋರಿಸಿಕೊಟ್ಟಿತು. ಹಾಗಂತ ಗ್ಲಾಕೋಮಾ ಡ್ರಾಪ್ಸ್ ಹಾಕುತ್ತಿದ್ದವರು ಪೊರೆ ತೆಗೆದ ಖುಷಿಯಲ್ಲಿ ತಾವಾಗಿಯೇ ನಿಲ್ಲಿಸಬಾರದು. ಅಳತೆ ಮಾಡಿ ಡಾಕ್ಟರೇ ನಿಲ್ಲಿಸಲಿ.

ಇದೇ ಲೆಕ್ಕದಲ್ಲಿ ನಮ್ಮ ಊರುಗಳ ಹಳೇ ಮಾತೊಂದನ್ನು ನೋಡಿ: "ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ." ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಆಗ ಲೆನ್ಸನ್ನು ಅದರ ಸುತ್ತ ಇರುವ ತೆಳು ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು, ಬದಲಿ ಲೆನ್ಸ್ ಹಾಕುತ್ತಿರಲಿಲ್ಲ, ಆಮೇಲೆ ಜೀವನಪೂರ್ತಿ ಸೋಡಾ ಬುಡ್ಡಿ ಕನ್ನಡಕವೇ ಗತಿ. ಅಷ್ಟು ದಪ್ಪ ಕನ್ನಡಕದ ಪಾಡು ಪಡುವುದಕ್ಕಿಂತ ಕಣ್ಣು ಪೂರ್ತಿ ಮಂಜಾಗುವವರೆಗೆ ಕಾಯುವುದೇ ಲೇಸು ಅನ್ನುವ ಲೆಕ್ಕ. ಈಗ ಆ ಮಾತು ಉಲ್ಟಾ. ಕಾದಷ್ಟೂ ಲೆನ್ಸ್ ಗಟ್ಟಿಯಾಗುತ್ತದೆ, ಕೆಲವರಲ್ಲಿ ಊದಿಕೊಂಡು ಮೂಲೆಯನ್ನೇ ಮುಚ್ಚಿಬಿಡುತ್ತದೆ. ಗಟ್ಟಿಯಾದದ್ದನ್ನು ಒಡೆಯಲು ಜಾಸ್ತಿ ಶಕ್ತಿ ಬೇಕು, ಆ ಪೆಟ್ಟು ಬೀಳುವುದು ಕಾರ್ನಿಯಾಗೆ.

ಮರುದಿನದ ಮಂಜು ಯಾಕೆ

ಪಟ್ಟಿ ಬಿಚ್ಚಿದ ತಕ್ಷಣ ಎಲ್ಲಾ ಫಳಫಳ ಕಾಣಬೇಕು ಅಂತ ಎಲ್ಲರಿಗೂ ಆಸೆ. ಕೆಲವರಿಗೆ ಹಾಗೇ ಕಾಣುತ್ತದೆ. ಇನ್ನು ಕೆಲವರಿಗೆ ಹೊಗೆ ಮುಸುಕಿದ ಹಾಗೆ, ಲೈಟಿನ ಸುತ್ತ ಬಳೆ ಬಳೆ. ಇದಕ್ಕೆ ಕಾರಣ ಕಾರ್ನಿಯಾ. ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ ಇರುವ ಈ ಪದರದ ಒಳಮೈಯಲ್ಲಿ ಒಂದು ಸಾಲು ಜೀವಕಣಗಳಿವೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಸದಾ ಹೊರಗೆ ಹಾಕುತ್ತಾ ಅದನ್ನು ತಿಳಿಯಾಗಿ ಇಡುವುದು ಅವುಗಳ ಕೆಲಸ. ದೊಡ್ಡವರಲ್ಲಿ ಒಂದು ಚದರ ಮಿಲಿಮೀಟರ್‌ಗೆ ಸುಮಾರು 2,500 ಇರುತ್ತವೆ, ವಯಸ್ಸಾದಂತೆ ಕಡಿಮೆ ಆಗುತ್ತಾ ಹೋಗುತ್ತವೆ. ಒಂದು ಸತ್ತರೆ ಆ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ, ಪಕ್ಕದ್ದೇ ಅಗಲವಾಗಿ ಜಾಗ ತುಂಬುತ್ತದೆ.

ಫ್ಯಾಕೋ ಆಪರೇಷನ್‌ನಲ್ಲಿ ಲೆನ್ಸನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಎಲ್ಲರೂ ಇದನ್ನು "ಲೇಸರ್ ಆಪರೇಷನ್" ಅನ್ನುತ್ತಾರೆ. ಲೇಸರ್ ಬಳಸುವ ದುಬಾರಿ ವಿಧಾನ ಒಂದು ಇದೆ ನಿಜ, ಆದರೆ ಮಾಮೂಲಿ ಫ್ಯಾಕೋದಲ್ಲಿ ಲೇಸರ್ ಇಲ್ಲವೇ ಇಲ್ಲ. ಆ ಕಂಪನ, ಆ ನೀರಿನ ಓಟ, ಆ ಚೂರುಗಳ ಓಡಾಟದಲ್ಲಿ ಒಂದಷ್ಟು ಕಣಗಳು ಹೋಗುತ್ತವೆ. ಉಳಿದವು ಒಂದೆರಡು ದಿನ ಸುಸ್ತಾಗಿರುತ್ತವೆ. ಅಷ್ಟರಲ್ಲಿ ಕಾರ್ನಿಯಾ ಸ್ವಲ್ಪ ನೀರು ಕುಡಿದು ಊದಿಕೊಳ್ಳುತ್ತದೆ, ಅದೇ ಮಂಜು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಪೊರೆ ತುಂಬಾ ಗಟ್ಟಿ ಇದ್ದವರಲ್ಲಿ ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಮಂಜು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದೆಯಾ ಅನ್ನುವುದೇ ಮುಖ್ಯ. ಅದಕ್ಕೊಂದು ಸುಲಭ ದಾರಿ ಇದೆ: ಗೋಡೆಯ ಕ್ಯಾಲೆಂಡರ್ ಮುಂದೆ ದಿನಾ ಒಂದೇ ಜಾಗದಲ್ಲಿ ಕೂರಿಸಿ, ಇನ್ನೊಂದು ಕಣ್ಣು ಮುಚ್ಚಿಸಿ, ಯಾವ ಅಕ್ಷರದವರೆಗೆ ಓದುತ್ತಾರೆ ಅಂತ ನೋಡಿ. ನಿನ್ನೆ ತಾರೀಕು ಕಾಣುತ್ತಿತ್ತು, ಇವತ್ತು ತಿಂಗಳ ಹೆಸರೂ ಕಾಣುತ್ತಿಲ್ಲ ಅಂದರೆ ಅದು ಫೋನ್ ಮಾಡುವ ವಿಷಯ ಅಲ್ಲ, ಹೊರಡುವ ವಿಷಯ.

ಉಜ್ಜಬೇಡಿ ಅನ್ನುವುದರ ಹಿಂದಿನ ಕಥೆ

ಫ್ಯಾಕೋದಲ್ಲಿ ಗಾಯದ ಅಗಲ ಸುಮಾರು 2.2ರಿಂದ 2.8 ಮಿಲಿಮೀಟರ್. ಕ್ಯಾಂಪುಗಳಲ್ಲಿ ಜಾಸ್ತಿ ಮಾಡುವ ಎಸ್‌ಐಸಿಎಸ್‌ನಲ್ಲಿ, ಅಂದರೆ ಪುಡಿ ಮಾಡುವ ಯಂತ್ರ ಇಲ್ಲದೆ ಕೈಯಿಂದಲೇ ತಿರುಳು ಹೊರತೆಗೆಯುವ ವಿಧಾನದಲ್ಲಿ, ಆರು ಮಿಲಿಮೀಟರ್ ಅಥವಾ ಇನ್ನೂ ಸ್ವಲ್ಪ ಜಾಸ್ತಿ, ಅದನ್ನು ಬಿಳಿಗುಡ್ಡೆಯ ಕಡೆ ಮಾಡಿರುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. (ಎಸ್‌ಐಸಿಎಸ್ ಅಂದರೆ ಬಡವರ ಆಪರೇಷನ್, ಕಳಪೆ ಅಂತ ಮೂಗು ಮುರಿಯುವವರಿದ್ದಾರೆ. ತುಂಬಾ ಗಟ್ಟಿಯಾದ ಪೊರೆಗೆ ಒಳ್ಳೆಯ ಕೈಯಲ್ಲಿ ಅದೇ ವಾಸಿ. ಕೆಂಪು ಸ್ವಲ್ಪ ಜಾಸ್ತಿ ದಿನ ಇರುತ್ತದೆ, ಕನ್ನಡಕದ ಸಿಲಿಂಡರ್ ನಂಬರ್, ಅಂದರೆ ಕಾರ್ನಿಯಾದ ಬಾಗು ಎಲ್ಲಾ ಕಡೆ ಒಂದೇ ಸಮ ಇಲ್ಲದ್ದಕ್ಕೆ ಬರುವ ನಂಬರ್, ಸ್ವಲ್ಪ ಜಾಸ್ತಿ ಬರಬಹುದು, ಅಷ್ಟೇ.)

ಹೊಲಿಗೆ ಇಲ್ಲದೆ ಗಾಯ ಹೇಗೆ ಮುಚ್ಚಿರುತ್ತದೆ? ಅದನ್ನು ನೇರ ತೂತು ಮಾಡಿರುವುದಿಲ್ಲ, ಓರೆಯಾಗಿ ಸುರಂಗದ ಹಾಗೆ ಕೊರೆದಿರುತ್ತಾರೆ. ಕಣ್ಣೊಳಗಿನ ಪ್ರೆಷರ್ ಒಳಗಿನ ತುಟಿಯನ್ನು ಹೊರಗಿನ ತುಟಿಗೆ ಒತ್ತಿ ಹಿಡಿದಿರುತ್ತದೆ. ಮೊದಲ ದಿನಗಳಲ್ಲಿ ಬೀಗ ಅಂದರೆ ಆ ಒತ್ತಡ ಒಂದೇ. ನೀವು ಕಣ್ಣು ಉಜ್ಜಿದಾಗ ಪ್ರೆಷರ್ ಒಮ್ಮೆ ಏರುತ್ತದೆ, ಕೈ ತೆಗೆದ ತಕ್ಷಣ ಇಳಿಯುತ್ತದೆ. ಇಳಿದ ಆ ಕ್ಷಣದಲ್ಲಿ ತುಟಿ ಸ್ವಲ್ಪ ಬಿಟ್ಟುಕೊಂಡರೆ ಹೊರಗಿನ ಕಣ್ಣೀರು, ಅದರಲ್ಲಿರುವ ಬ್ಯಾಕ್ಟೀರಿಯಾ ಸಮೇತ, ಒಳಗೆ ಎಳೆದುಕೊಂಡು ಹೋಗಬಹುದು. ತಲೆ ಸ್ನಾನ ಬೇಡ, ಕೆರೆ ನೀರು ಬೇಡ, ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಕಟ್ಟಿಕೊಂಡು ಮಲಗಿ ಅನ್ನುವುದೆಲ್ಲ ಇದಕ್ಕೇ. ನಿದ್ದೆಗಣ್ಣಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು?

ಹಾಗಾಗಿ ಮೊದಲ ವಾರ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು, ಕೂದಲು ತೊಳೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಒಪ್ಪಿದ ಮೇಲೆ ಪಾರ್ಲರ್‌ನಲ್ಲಿ ಮಾಡುವ ಹಾಗೆ ತಲೆ ಹಿಂದಕ್ಕೆ ಮಾಡಿ ಬೇರೆಯವರು ತೊಳೆಯಲಿ. ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇಡ. ಸಾಷ್ಟಾಂಗ ನಮಸ್ಕಾರ ಮಾಡುವವರು, ನಮಾಜು ಮಾಡುವವರು ಸ್ವಲ್ಪ ದಿನ ಕುರ್ಚಿಯಲ್ಲಿ ಕೂತು ಮಾಡಲಿ. ಕೆಮ್ಮು ಇದ್ದರೆ, ಮಲಬದ್ಧತೆ ಇದ್ದರೆ ಅದಕ್ಕೆ ಮೊದಲೇ ಔಷಧಿ ಕೇಳಿ, ಯಾಕೆಂದರೆ ತಿಣುಕುವುದೂ ಪ್ರೆಷರ್ ಏರಿಸುತ್ತದೆ. ಇದನ್ನು ಹಿರಿಯರು ನಾಚಿಕೊಂಡು ಹೇಳುವುದಿಲ್ಲ, ನೀವೇ ಕೇಳಬೇಕು. ಒಲೆ ಹೊಗೆ, ಒಗ್ಗರಣೆ ಘಾಟು, ಗಾಡಿಯ ಧೂಳು ತಪ್ಪಿಸಿ. ಬದನೆಕಾಯಿ ನಂಜು ಅಂತ ಬಿಡಿಸುವವರಿಗೆ ಬೇಜಾರಾಗುವುದಾದರೂ ಹೇಳುತ್ತೇನೆ, ಊಟಕ್ಕೂ ಈ ಗಾಯಕ್ಕೂ ಸಂಬಂಧ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ಹಿಡಿತದಲ್ಲಿ ಇಡುವುದು ನಿಜವಾದ ಪಥ್ಯ. ಹರಳೆಣ್ಣೆ, ಎದೆಹಾಲು, ಜೇನು, ನಂದಿಬಟ್ಟಲು ರಸ ಯಾವುದನ್ನೂ ಹತ್ತಿರ ತರಬೇಡಿ.

ಬಿಳಿಗುಡ್ಡೆಯ ಮೇಲೆ ರಕ್ತದ ಕೆಂಪು ಮಚ್ಚೆ ಕಂಡರೆ, ನೋವಿಲ್ಲ, ದೃಷ್ಟಿ ಸರಿಯಾಗೇ ಇದೆ ಅಂದರೆ ಅದು ಪದರದ ಕೆಳಗೆ ಜಿನುಗಿದ ರಕ್ತ, ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಆದರೆ ಎರಡರಿಂದ ಏಳು ದಿನದ ಒಳಗೆ ನೋವು ಜಾಸ್ತಿ ಆಗುತ್ತಿದೆ, ಕೆಂಪು ಏರುತ್ತಿದೆ, ರೆಪ್ಪೆ ಊದಿದೆ, ಚೆನ್ನಾಗಿ ಕಾಣುತ್ತಿದ್ದದ್ದು ಮತ್ತೆ ಮಸುಕಾಯಿತು ಅಂದರೆ ಸೋಂಕು ಕಣ್ಣೊಳಗೆ ಹೋಗಿರಬಹುದು. ಇದು ಅಪರೂಪ, ಆದರೆ ಇಲ್ಲಿ ಗಂಟೆಗಳ ಲೆಕ್ಕ. ನಾಳೆ ಭಾನುವಾರ, ಸೋಮವಾರ ಹೋಗೋಣ ಅನ್ನಬೇಡಿ. ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕಿಗಳ ಮಳೆ, ಪಕ್ಕದಿಂದ ಪರದೆ ಇಳಿದ ಹಾಗೆ ಕಂಡರೂ ಅವತ್ತೇ ಹೋಗಬೇಕು. ಅದು ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರದ, ಅಂದರೆ ರೆಟಿನಾದ ಸಮಸ್ಯೆ.

ಡ್ರಾಪ್ಸ್ ಹಾಕುವುದು

ಇಷ್ಟು ಚಿಕ್ಕ ಕೆಲಸದಲ್ಲಿ ಇಷ್ಟೊಂದು ತಪ್ಪು ಆಗುವುದು ಬೇರೆಲ್ಲೂ ನಾನು ನೋಡಿಲ್ಲ. ಕೊಡುವುದು ಸಾಮಾನ್ಯವಾಗಿ ಎರಡು ಮೂರು ಬಾಟಲಿ. ಒಂದು ಆಂಟಿಬಯೋಟಿಕ್. ಒಂದು ಸ್ಟಿರಾಯ್ಡ್, ಹೆಚ್ಚಾಗಿ ಹಾಲಿನ ಹಾಗೆ ಬೆಳ್ಳಗಿರುವ ಪ್ರೆಡ್ನಿಸೊಲೋನ್. ಕೆಲವು ಸಲ ಊತ ಇಳಿಸುವ ಇನ್ನೊಂದು. ಬೆಳ್ಳಗಿನದರಲ್ಲಿ ಔಷಧಿ ತಳಕ್ಕೆ ಇಳಿದಿರುತ್ತದೆ, ಚೆನ್ನಾಗಿ ಅಲ್ಲಾಡಿಸದೆ ಹಾಕಿದರೆ ಮೊದಲ ವಾರ ಬರೀ ನೀರು, ಕೊನೆಯ ವಾರ ಬರೀ ಔಷಧಿ.

ಕೈ ಸೋಪಿನಲ್ಲಿ ತೊಳೆಯಿರಿ. ಹಿರಿಯರನ್ನು ಮಲಗಿಸಿ ಅಥವಾ ತಲೆ ಹಿಂದಕ್ಕೆ ಮಾಡಿಸಿ, ಮೇಲೆ ಫ್ಯಾನ್ ಕಡೆ ನೋಡಲು ಹೇಳಿ. ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಕಡೆ ಮೆಲ್ಲಗೆ ಎಳೆಯಿರಿ, ಕಣ್ಣುಗುಡ್ಡೆಯ ಮೇಲೆ ಒತ್ತಬೇಡಿ. ಅಲ್ಲಿ ಆಗುವ ಪುಟ್ಟ ಜೇಬಿನಲ್ಲಿ ಒಂದೇ ಹನಿ. ಒಂದು ಹನಿಗಿಂತ ಜಾಸ್ತಿ ಹಿಡಿಯುವ ಜಾಗವೇ ಅಲ್ಲಿ ಇಲ್ಲ, ಎರಡನೆಯದು ಕೆನ್ನೆ ಮೇಲೆ ಹರಿದು ಹೋಗುತ್ತದೆ. ಬಾಟಲಿಯ ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಆಮೇಲೆ ಕಣ್ಣು ಮೆಲ್ಲಗೆ ಮುಚ್ಚಿಸಿ, ಹಿಂಡಿ ಮುಚ್ಚುವುದಲ್ಲ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಹಗುರವಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿಂದ ಮೂಗಿಗೆ ಒಂದು ನಾಳ ಇದೆ, ಗಂಟಲಲ್ಲಿ ಕಹಿ ಬರುವುದು ಅದರಿಂದಲೇ. ಮುಂದಿನ ಡ್ರಾಪ್ಸ್‌ಗೆ ಐದು ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ.

ಸ್ಟಿರಾಯ್ಡನ್ನು ವಾರ ವಾರ ಇಳಿಸುತ್ತಾ ನಾಲ್ಕರಿಂದ ಆರು ವಾರ ಕೊಡುವುದು ರೂಢಿ. ಕೆಂಪು ಹೋಯಿತು ಅಂತ ಹತ್ತನೇ ದಿನಕ್ಕೆ ನಿಲ್ಲಿಸಿದರೆ ಐರಿಸ್‌ನ ಉರಿ ಊತ ಮತ್ತೆ ಎದ್ದು ಬರುತ್ತದೆ, ಬೆಳಕು ನೋಡಲು ಆಗುವುದಿಲ್ಲ. ಉಲ್ಟಾ ತಪ್ಪೂ ಇದೆ: ಚೆನ್ನಾಗಿದೆ ಅಂತ ಅಂಗಡಿಯಿಂದ ಅದೇ ಬಾಟಲಿ ತಂದು ತಿಂಗಳುಗಟ್ಟಲೆ ಹಾಕುವುದು. ಕೆಲವರಲ್ಲಿ ಸ್ಟಿರಾಯ್ಡ್ ಕಣ್ಣಿನ ಪ್ರೆಷರ್ ಏರಿಸುತ್ತದೆ, ನೋವೇ ಗೊತ್ತಾಗದ ಹಾಗೆ. ನಡುವೆ ತಪಾಸಣೆಗೆ ಕರೆಯುವುದಕ್ಕೆ ಅದೂ ಒಂದು ಕಾರಣ, "ಸುಮ್ನೆ ಫೀಸಿಗೆ ಕರೀತಾರೆ" ಅಂತ ತಪ್ಪಿಸಬೇಡಿ.

ಇನ್ನೊಂದು ದೂರು ಎಲ್ಲರ ಬಾಯಲ್ಲೂ ಬರುತ್ತದೆ, ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ ಅಂತ. ಗಾಯ ಮಾಡುವಾಗ ಕಾರ್ನಿಯಾದ ಸಣ್ಣ ನರಗಳೂ ತುಂಡಾಗುತ್ತವೆ, ಹಾಗಾಗಿ ಕಣ್ಣೀರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಒಣಗಿದಾಗ ಚುಚ್ಚುತ್ತದೆ, ಚುಚ್ಚಿದಾಗ ಒಮ್ಮೆಲೇ ನೀರು ಸುರಿಯುತ್ತದೆ. ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಕೃತಕ ಕಣ್ಣೀರಿನ ಡ್ರಾಪ್ಸ್ ಕೇಳಿ ಬರೆಸಿಕೊಳ್ಳಿ.

ಚೀಲದೊಳಗಿನ ಲೆನ್ಸ್

ಈಗಿನ ಆಪರೇಷನ್‌ನಲ್ಲಿ ಲೆನ್ಸಿನ ಹೊರಚೀಲವನ್ನು ಹಾಗೇ ಉಳಿಸುತ್ತಾರೆ. ಮುಂದಿನ ಗೋಡೆಯಲ್ಲಿ ಸುಮಾರು ಐದು ಮಿಲಿಮೀಟರ್ ಅಗಲದ ದುಂಡನೆಯ ಬಾಯಿ ಬಿಡಿಸಿ, ಒಳಗಿನ ತಿರುಳು ತೆಗೆದು, ಮಡಚಿದ ಲೆನ್ಸನ್ನು ಒಳಗೆ ಬಿಡುತ್ತಾರೆ. ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಲೆನ್ಸಿನ ನಡುವಿನ ದುಂಡು ಭಾಗ ಆರು ಮಿಲಿಮೀಟರ್, ಹಾಗಾಗಿ ಬಾಯಿಯ ಅಂಚು ಅದರ ಮೇಲೆ ಸುತ್ತ ಕೂತಿರುತ್ತದೆ. ಕಣ್ಣೊಳಗೆ ಕೃತಕ ಲೆನ್ಸ್ ಇಡಬಹುದು ಅಂತ ಮೊದಲು ಮಾಡಿ ತೋರಿಸಿದ್ದು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ಹೊಕ್ಕ ವಿಮಾನದ ಪ್ಲಾಸ್ಟಿಕ್ ಚೂರು ಕಣ್ಣಿಗೆ ಅಷ್ಟೇನೂ ತೊಂದರೆ ಕೊಡದೆ ಉಳಿದದ್ದನ್ನು ನೋಡಿ ಅವರಿಗೆ ಹೊಳೆದ ಉಪಾಯ ಅದು. ನಮ್ಮ ಕಡೆಯ ಬಡವರಿಗೂ ಲೆನ್ಸ್ ಕೈಗೆಟುಕಿದ್ದಕ್ಕೆ ಮಧುರೈನ ಆರೋಲ್ಯಾಬ್ 1992ರಿಂದ ಕಡಿಮೆ ಬೆಲೆಗೆ ತಯಾರಿಸಲು ಶುರು ಮಾಡಿದ್ದು ಒಂದು ದೊಡ್ಡ ಕಾರಣ.

ಖಾಲಿಯಾದ ಚೀಲ ಮುಂದಿನ ಕೆಲವು ವಾರಗಳಲ್ಲಿ ಕುಗ್ಗಿ ಲೆನ್ಸನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ನಂಬರ್ ಬದಲಾಗುತ್ತದೆ. ಗಾಯ ಆರುವಾಗ ಕಾರ್ನಿಯಾದ ಬಾಗೂ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಕನ್ನಡಕಕ್ಕೆ ಆತುರ ಬೇಡ: ಫ್ಯಾಕೋಗೆ ಸುಮಾರು ನಾಲ್ಕು ವಾರ, ಎಸ್‌ಐಸಿಎಸ್‌ಗೆ ಆರು ವಾರ ಬಿಟ್ಟು ನಂಬರ್ ತೆಗೆಸಿ. ಮಾಮೂಲಿ ಲೆನ್ಸ್ ಹಾಕಿದವರಿಗೆ ಓದಲು ಕನ್ನಡಕ ಬೇಕೇ ಬೇಕು, ಅದು ಆಪರೇಷನ್ ಕೆಟ್ಟಿದ್ದಲ್ಲ. ಸಿಲಿಂಡರ್ ಸರಿಪಡಿಸುವ ಟೋರಿಕ್ ಲೆನ್ಸ್ ಹಾಕಿಸಿದ್ದರೆ ಮೊದಲ ದಿನಗಳಲ್ಲಿ ಇನ್ನೂ ಹುಷಾರು, ಯಾಕೆಂದರೆ ಚೀಲ ಹಿಡಿಯುವ ಮುಂಚೆ ಅದು ತಿರುಗಿದರೆ ಒಂದೊಂದು ಡಿಗ್ರಿಗೂ ಸುಮಾರು 3 ಪರ್ಸೆಂಟ್ ಲಾಭ ಹೋಗುತ್ತದೆ, ಮೂವತ್ತು ಡಿಗ್ರಿ ತಿರುಗಿದರೆ ಕೊಟ್ಟ ದುಡ್ಡು ನೀರಲ್ಲಿ.

ಹಳದಿಗಟ್ಟಿದ ಲೆನ್ಸ್ ಹೋಗಿದ್ದರಿಂದ ಬಣ್ಣಗಳೂ ಬೇರೆ ಥರ ಕಾಣುತ್ತವೆ. ಬಿಳಿ ಪಂಚೆ ನಿಜವಾಗಿ ಬಿಳಿ, ನೀಲಿ ತುಂಬಾ ನೀಲಿ. ಎರಡೂ ಕಣ್ಣನ್ನು ಒಂದೊಂದಾಗಿ ಮುಚ್ಚಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಿವಿ ಕಡೆಯ ಅಂಚಿನಲ್ಲಿ ಕಮಾನಿನಂಥ ನೆರಳು ಕಂಡರೆ ಅದು ಲೆನ್ಸಿನ ಅಂಚಿನದ್ದು. ಬಹಳ ಜನರಿಗೆ ಕ್ರಮೇಣ ಮರೆತು ಹೋಗುತ್ತದೆ. ಆದರೂ ತಪಾಸಣೆಗೆ ಹೋದಾಗ ಹೇಳಿ.

ಇನ್ನೊಂದು ಕಣ್ಣಿಗೆ ಹೋಗುವ ಮುಂಚೆ

ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುವ ಗಂಡಸರು ಅದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು, ಹಿಂದೆ ಯಾವಾಗಲೋ ತೆಗೆದುಕೊಂಡಿದ್ದರೂ ಸರಿ. ಅದು ಐರಿಸ್‌ನ ಸ್ನಾಯುವನ್ನು ಸಡಿಲ ಮಾಡಿರುತ್ತದೆ. ಆಪರೇಷನ್ ನಡುವೆ ಐರಿಸ್ ಅಲೆಯಾಡಿ ಗಾಯದ ಕಡೆ ನುಗ್ಗುತ್ತದೆ, ಪಾಪೆ ಕಿರಿದಾಗಿಬಿಡುತ್ತದೆ. ಮಾತ್ರೆ ನಿಲ್ಲಿಸಿದರೂ ಪೂರ್ತಿ ಹೋಗದ ಪರಿಣಾಮ ಅದು, ಹಾಗಾಗಿ ನೀವಾಗಿ ನಿಲ್ಲಿಸಬೇಡಿ, ಬರೀ ಹೇಳಿ. ಗೊತ್ತಿದ್ದರೆ ಅವರು ತಯಾರಾಗಿ ಬರುತ್ತಾರೆ. ಹಿಂದೆ ಕನ್ನಡಕ ಬಿಡಿಸಲು ಲ್ಯಾಸಿಕ್ ಮಾಡಿಸಿದ್ದರೆ ಅದನ್ನೂ ಹೇಳಿ, ಲೆನ್ಸಿನ ಪವರ್ ಲೆಕ್ಕ ಅದರಿಂದ ತಪ್ಪುತ್ತದೆ.

ಡಿಸ್ಚಾರ್ಜ್ ಕಾಗದದ ಜೊತೆ ಲೆನ್ಸಿನ ಪವರ್, ಮಾದರಿ ಇರುವ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೊಡುತ್ತಾರೆ. ಇವತ್ತೇ ಫೋನಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ. ಎರಡನೇ ಕಣ್ಣಿಗೆ ಲೆನ್ಸ್ ಆರಿಸುವಾಗ ಮೊದಲನೆಯದರಲ್ಲಿ ಏನು ಹಾಕಿದ್ದರು, ನಂಬರ್ ಎಷ್ಟು ಬಂತು ಅನ್ನುವುದು ತುಂಬಾ ಉಪಯೋಗಕ್ಕೆ ಬರುತ್ತದೆ.

ತಿಂಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ "ಪೊರೆ ವಾಪಸ್ ಬಂತು" ಅಂತ ಎದೆ ಒಡೆದುಕೊಳ್ಳಬೇಡಿ. ಪೊರೆ ವಾಪಸ್ ಬರಲು ಲೆನ್ಸೇ ಇಲ್ಲವಲ್ಲ. ಚೀಲದ ಹಿಂದಿನ ಗೋಡೆಯ ಮೇಲೆ ಹಳೇ ಲೆನ್ಸಿನ ಉಳಿದ ಜೀವಕಣಗಳು ಬೆಳೆದು ಮಸುಕು ಮಾಡಿರುತ್ತವೆ. ಆ ಗೋಡೆಯ ದಪ್ಪ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಕೆಲವೇ ಭಾಗ. ಯಾಗ್ ಲೇಸರ್‌ನಿಂದ ಅದರ ನಡುವೆ ಒಂದು ಕಿಂಡಿ ಮಾಡುತ್ತಾರೆ, ಗಾಯ ಇಲ್ಲ, ಪಟ್ಟಿ ಇಲ್ಲ, ಕೆಲವು ನಿಮಿಷದ ಕೆಲಸ. ಪಾಪೆ ದೊಡ್ಡದು ಮಾಡುವ ಡ್ರಾಪ್ಸ್ ಹಾಕಿರುವುದರಿಂದ ಅವತ್ತು ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಹೋಗಿ.